ಬಲೂನ್ ಟೈರಿನ ಷ್ವಿನ್ ಸೈಕಲ್ಲು ಮಲೆಯ ಹಾದಿಗೆ ಸಂದ ಬಗೆ

ಬೆಟ್ಟದ ಹಾದಿಗಳಲ್ಲಿ ಓಡುವ ಸೈಕಲ್ಲಿನ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಗೇರುಗಳಿಂದ ತೊಡಗುತ್ತಾರೆ. ಹಳೆಯ ಸೈಕಲ್ಲಿಗೆ ಅವನ್ನು ಮೊತ್ತಮೊದಲು ಜೋಡಿಸಿದವರಾರೆಂಬುದೇ ಅವರ ಮುಖ್ಯ ಜಿಜ್ಞಾಸೆ. ಆದರೆ ಈ ಮಾರ್ಪಾಡನ್ನು ಅಂಗಾಂಗವಾಗಿ ಪರಿಶೀಲಿಸಿದಲ್ಲಿ, ಅದರ ಮೂಲಪ್ರೇರಣೆ ಗೇರಲ್ಲ, ಇಳಿಜಾರಿನಲ್ಲಿ ಕಾದು ಹೊಗೆಯಾಡುತ್ತಿದ್ದ ಬ್ರೇಕು ಎಂದೇ ನನಗೆ ತೋರುತ್ತದೆ.

ಆ ಸೈಕಲ್ಲಿನ ಜನ್ಮ ಷಿಕಾಗೊ ನಗರದಲ್ಲಾಯಿತು. ಆರ್ಥಿಕ ಮುಗ್ಗಟ್ಟಿನ ನಡುವೆ, 1933ರಲ್ಲಿ, ಅಲ್ಲಿಯ ಷ್ವಿನ್ ಕಾರ್ಖಾನೆಯು ಎರಡು ಅಂಗುಲಕ್ಕೂ ಮಿಕ್ಕ ಅಗಲದ ಬಲೂನ್ ಟೈರುಗಳುಳ್ಳ, ಮೋಟಾರುಸೈಕಲ್ಲಿನ ಆಕೃತಿಯನ್ನು ಅನುಕರಿಸಿದ ಸೈಕಲ್ಲೊಂದನ್ನು ಬಾಲಕರಿಗಾಗಿ ಹೊರತಂದಿತು. ಹುಡುಗರ ಒರಟುತನವನ್ನು ಸಹಿಸಬೇಕಾದ ಈ ಜಾತಿಯ ಚೌಕಟ್ಟು ದಪ್ಪ ಉಕ್ಕಿನದು. ಚಕ್ರಗಳ ನಡುವಣ ಅಂತರ ದೀರ್ಘವಾದುದು. ಹ್ಯಾಂಡಲ್ಲಿನ ಕೊಳವೆ ಹಿಂದಕ್ಕೆ ವಾಲಿದುದು. ಕಡಿದಾದ ಇಳಿಜಾರಿನಲ್ಲಿ ಮುಂಚಕ್ರವು ತತ್ತರಿಸದಂತೆ ಕಾಯುವ ಗುಣ ಈ ವಾಲಿಕೆಯಲ್ಲಿಯೇ ಉಂಟು. ಅದನ್ನು ರೂಪಿಸಿದವರು ಬೆಟ್ಟವನ್ನು ನೆನೆದವರೇ ಅಲ್ಲ.

ನಾಲ್ಕು ದಶಕಗಳ ತರುವಾಯ, ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ತರುಣರು ಯಾರಿಗೂ ಬೇಡವಾಗಿ ಬಿದ್ದಿದ್ದ ಇಂಥ ಸೈಕಲ್ಲುಗಳನ್ನು ಅಲ್ಪ ಬೆಲೆಗೆ ಕೊಂಡು, ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಮುಂತಾದ ಅಲಂಕಾರ ಉಪಕರಣಗಳನ್ನೆಲ್ಲ ಕಳಚಿ ಎಸೆದು, ಟಮಲ್ಪೈಸ್ ಪರ್ವತದ ಮೇಲಕ್ಕೆ ತಳ್ಳಿಕೊಂಡೋ ಲಾರಿಯಲ್ಲಿ ಹೇರಿಕೊಂಡೋ ಒಯ್ದು, ಅಲ್ಲಿಂದ ಕೆಳಕ್ಕೆ ಹರಿಯಬಿಡುತ್ತಿದ್ದರು. ಅವುಗಳಿಗೆ 'ಕ್ಲಂಕರ್' ಎಂದು ಹೆಸರಾಯಿತು. ಷ್ವಿನ್ ಎಕ್ಸೆಲ್ಸಿಯರ್ ಚೌಕಟ್ಟಿಗೆ ಅವರಲ್ಲಿ ವಿಶೇಷ ಮನ್ನಣೆಯಿತ್ತು.

ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಬದಿಯ ಹಬ್ಬಿನೊಳಗೇ ಹಿಡಿದು ನಿಲ್ಲಿಸುವ ಕೋಸ್ಟರ್ ಬ್ರೇಕು ಈ ಸೈಕಲ್ಲುಗಳದು. ಸಪಾಟು ಬೀದಿಗೆ ಅದು ಧಾರಾಳವಾಗಿ ಸಾಕು. ಫೇರ್‌ಫ್ಯಾಕ್ಸ್ ಊರಿನ ಬಳಿ, ಸುಮಾರು ಎರಡು ಮೈಲಿಗಳಲ್ಲಿ 1300 ಅಡಿ ಇಳಿಯುವ ಮಣ್ಣುದಾರಿಯಲ್ಲಾದರೋ, ಹಬ್ಬು ಕಾದು ಒಳಗಿನ ಗ್ರೀಸು ಕರಗಿ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ತಲಪಿದವನು ಹಬ್ಬನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬದೆ ಮತ್ತೊಮ್ಮೆ ಇಳಿಯುವಂತಿರಲಿಲ್ಲ. ಮರಳಿ ತುಂಬುವ ಈ ಕೆಲಸದಿಂದಲೇ ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರು ನಿಂತಿತು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಚಾರ್ಲಿ ಕೆಲ್ಲಿಯವರು ಅದರ ಸಂಘಟಕರು. ಗ್ಯಾರಿ ಫಿಶರರು 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದುದೇ ಆ ದಾರಿಯ ದಾಖಲೆ.

ಇಲ್ಲಿ ಯಂತ್ರದ ತರ್ಕವೊಂದನ್ನು ಗಮನಿಸಬೇಕು. ಕಾಲಿನಿಂದ ಬ್ರೇಕು ಹಾಕುವ ಸೈಕಲ್ಲಿನಲ್ಲಿ ಸರಪಳಿ ಬಿಗಿಯಾಗಿರಲೇಬೇಕು. ಆದುದರಿಂದ ಸರಪಳಿಯನ್ನು ಹಲ್ಲಿನ ಚಕ್ರದಿಂದ ಚಕ್ರಕ್ಕೆ ದಾಟಿಸುವ ಗೇರುಗಳಿಗೆ ಅಲ್ಲಿ ಎಡೆಯಿಲ್ಲ. ಇಬ್ಬರು ಕೂರುವ ಸೈಕಲ್ಲಿನ ಡ್ರಮ್ ಬ್ರೇಕನ್ನು ಹಿಂಬದಿಗೆ ತೊಡಿಸಿ, ಅದನ್ನು ಎಳೆಯಲು ಮೋಟಾರುಸೈಕಲ್ಲಿನ ಗಟ್ಟಿ ಹಿಡಿಗಳನ್ನು ಹ್ಯಾಂಡಲ್ಲಿಗೆ ಬಿಗಿದೊಡನೆ, ನಿಲ್ಲಿಸುವ ಭಾರವು ಕಾಲಿನಿಂದ ಕೈಗೆ ಬಂದಿತು. ಆ ಹಬ್ಬಿನ ಮತ್ತೊಂದು ಬದಿಯಲ್ಲಿ ಗೇರಿನ ಹಲ್ಲುಚಕ್ರಗಳನ್ನು ಹೊರುವ ಫ್ರೀವೀಲಿಗೂ ಸ್ಥಳ ದೊರೆಯಿತು. ಹೊಸ ಹಬ್ಬು ಅಗಲವಾದುದರಿಂದ ಚೌಕಟ್ಟಿನ ಹಿಂಗಾಲುಗಳನ್ನು ಹಿಗ್ಗಿಸಬೇಕಾಗುತ್ತಿತ್ತು; ಹಳೆಯ ಮೆದು ಉಕ್ಕು ಮುರಿಯದೆ ಬಾಗಿಕೊಡುತ್ತಿತ್ತು.

ಈ ವಾದಕ್ಕೆ ಆಕ್ಷೇಪವಿಲ್ಲದಿಲ್ಲ. ಜಾನ್ ಫಿನ್ಲೆ ಸ್ಕಾಟರು 1953ರಷ್ಟು ಹಿಂದೆಯೇ ಷ್ವಿನ್ ಚೌಕಟ್ಟೊಂದಕ್ಕೆ ಬಲೂನ್ ಟೈರನ್ನೂ ಗೇರುಗಳನ್ನೂ ಕೂಡಿಸಿದ್ದರು. ಕ್ಯುಪರ್ಟಿನೊದಿಂದ ಬಂದ ಮಾರೋ ಡರ್ಟ್ ಕ್ಲಬ್ಬಿನವರು 1974ರ ಡಿಸೆಂಬರಿನಲ್ಲಿ ಮಿಲ್ ವ್ಯಾಲಿಯ ಪಂದ್ಯಕ್ಕೆ ಗೇರುಳ್ಳ ಕ್ಲಂಕರುಗಳನ್ನೇ ತಂದಿದ್ದರು. ಪ್ರಥಮರೆಂಬ ಗೌರವ ಮರಿನ್ ತರುಣರದಲ್ಲವೆಂಬುದನ್ನು ನಿಸ್ಸಂಕೋಚವಾಗಿ ಒಪ್ಪಬೇಕು. ಆದರೆ ಸ್ಕಾಟರ ಸೈಕಲ್ಲಿನಿಂದ ಪರಂಪರೆಯೊಂದು ಹುಟ್ಟಲಿಲ್ಲ. ಮಾರ್ಪಾಡಿನ ಗುಣದೋಷಗಳನ್ನು ವಾರವಾರವೂ ಒರೆಗೆ ಹಚ್ಚುವ ರಿಪ್ಯಾಕಿನಂಥ ಇಳಿಜಾರು ಅವರಿಗಿರಲಿಲ್ಲ.

ಬ್ರೇಕು ಬಲವಾಗಿ ವೇಗ ಏರಿದ ಮೇಲೆ ಚೌಕಟ್ಟುಗಳೇ ಸೀಳತೊಡಗಿದವು. 1977ರಲ್ಲಿ ಜೋ ಬ್ರೀಜರು ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳಿಂದ, ಮಲೆಯ ಹಾದಿಗೆಂದೇ, ಹೊಸ ಚೌಕಟ್ಟನ್ನು ಬೆಸೆದರು. ಅದರಲ್ಲಿ ಹಳೆಯ ಸೈಕಲ್ಲಿನ ಬಿಡಿಭಾಗ ಒಂದೂ ಇರಲಿಲ್ಲ. ಕೋನಗಳನ್ನು ಮಾತ್ರ ಅವರು ಆ ಷ್ವಿನ್ ಎಕ್ಸೆಲ್ಸಿಯರಿನಿಂದಲೇ ತೆಗೆದುಕೊಂಡರು.