ಅಬ್ರಹಾಮನ ಅತಿಥಿಗಳು ಮತ್ತು ಒಂದು ಮೊಘಲ್ ಚಿತ್ರದ ಪ್ರತಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರೆಂಬ್ರಾಂಟನ ರೇಖಾಚಿತ್ರವೊಂದರಲ್ಲಿ ಗಡ್ಡ ಬಿಟ್ಟ ನಾಲ್ವರು ಹಿರಿಯರು ಮರದಡಿ ಕುಳಿತಿದ್ದಾರೆ. ಕಲ್ಪನೆ ರೆಂಬ್ರಾಂಟನದಲ್ಲ, ಇದು ಮೊಘಲ್ ಕಿರುಚಿತ್ರವೊಂದರ ಪ್ರತಿ. ಆ ಮೂಲ ಇಂದು ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಗೋಡೆಯಲ್ಲಿದೆ. 18ನೇ ಶತಮಾನದಲ್ಲಿ ಇಂಥ ಚಿತ್ರಗಳನ್ನು ಕತ್ತರಿಸಿ ಕೋಣೆಯ ಅಲಂಕಾರಕ್ಕೆ ಅಂಟಿಸಿದರು. ರೆಂಬ್ರಾಂಟ್ ಭಾರತವನ್ನು ಕಂಡವನಲ್ಲ. ಆದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಜೊತೆಗೆ ಮೊಘಲ್ ಚಿತ್ರಗಳೂ ಆಮ್‌ಸ್ಟರ್‌ಡ್ಯಾಮ್ ತಲುಪಿದ್ದವು. ಅವನು ಮಾಡಿಕೊಂಡ ಪ್ರತಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ.

ಹಾಳೆ ಜಪಾನಿನದು. ಅದಕ್ಕೆ ಮೊದಲು ತಿಳಿಕಂದು ಬಣ್ಣದ ತೆಳುಲೇಪ ಬಳಿದು, ಅದರ ಮೇಲೆ ಕಂದು ಶಾಯಿಯಲ್ಲಿ ಗೆರೆ ಎಳೆದಿದ್ದಾನೆ. 1650ರ ದಶಕದಲ್ಲಿ ಅವನು ದಪ್ಪ ಗೆರೆಯ ಜೊಂಡಿನ ಲೇಖನಿಯನ್ನು ಹೆಚ್ಚಾಗಿ ಬಳಸುತ್ತಿದ್ದ; ಇಲ್ಲಿ ಮಾತ್ರ ಗೆರೆ ಸಣ್ಣ, ಕೈ ಎಚ್ಚರದ್ದು. ಬೇರೊಬ್ಬ ಕಲಾವಿದನ ಕುಸುರಿಗೆ ತೋರಿದ ಗೌರವ ಅದು ಎಂದೇ ನನ್ನ ಓದು. ಆದರೂ ಅವನು ಬರಿಯ ನಕಲುಗಾರನಾಗಿ ಉಳಿಯಲಿಲ್ಲ. ಕುಂಚದಿಂದ ಕಂದು, ಬೂದು ವಾಶ್ (ನೀರು ಬೆರೆಸಿದ ತೆಳುಬಣ್ಣ) ಹರಿಸಿ ನೆರಳು ತಂದ. ಮೊಘಲ್ ಚಿತ್ರದ ಸಮತಟ್ಟು ಬಣ್ಣದಲ್ಲಿದ್ದ ದೇಹಗಳಿಗೆ ಇಲ್ಲಿ ತೂಕ ಬಂದು, ಅವು ನೆಲದ ಮೇಲೆ ಊರಿ ಕುಳಿತವು.

1656ರ ದಿನಾಂಕವಿರುವ ಅವನ ಎಚಿಂಗ್ (ಆಮ್ಲದಿಂದ ಕೊರೆದ ಲೋಹಫಲಕದ ಅಚ್ಚುಚಿತ್ರ) ಒಂದರಲ್ಲಿ ಬೈಬಲ್ಲಿನ ಅಬ್ರಹಾಮ ದೇವರನ್ನೂ ಇಬ್ಬರು ದೇವದೂತರನ್ನೂ ಉಪಚರಿಸುತ್ತಾನೆ. ಮೇಜಿಲ್ಲ, ಕುರ್ಚಿಯಿಲ್ಲ, ಅತಿಥಿಗಳು ನೆಲದ ಹಾಸಿನ ಮೇಲಿದ್ದಾರೆ. ಬಿಳಿಗಡ್ಡದ ದೇವರ ಕೈಯಲ್ಲಿ ಬಟ್ಟಲು. ಹೂಜಿ ಹಿಡಿದ ಆತಿಥೇಯ ಬಾಗಿದ್ದಾನೆ, ಅವನ ಹೆಂಡತಿ ಸಾರಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ. ಈ ಕೂಡುವಿಕೆಯ ಬೇರು ಮರದಡಿಯ ಹಿರಿಯರಲ್ಲಿದೆ ಎಂಬುದನ್ನು ವಿದ್ವಾಂಸರು ಬಹುಕಾಲದಿಂದ ಒಪ್ಪಿದ್ದಾರೆ. ಪೂರ್ವದೇಶದ ವೇಷಭೂಷಣದ ಮೋಹವೆಂದು ಇದನ್ನು ತಳ್ಳಿಹಾಕಲಾಗದು. ಬೈಬಲ್ಲಿನ ಹಿರಿಯರು ಹೇಗೆ ಕುಳಿತು ಉಂಡಿರಬಹುದು ಎಂಬ ಪ್ರಶ್ನೆ ಅವನನ್ನು ನಿಜವಾಗಿ ಕಾಡಿತ್ತು, ಉತ್ತರ ಮೊಘಲ್ ಹಾಳೆಯಲ್ಲಿ ಸಿಕ್ಕಿತು.

ಈ ಗುಂಪಿನ ಪ್ರತಿಗಳಿಗೆ ಸಾಮಾನ್ಯವಾಗಿ 1656ರಿಂದ 1661ರವರೆಗಿನ ಕಾಲ ಹೇಳುತ್ತಾರೆ. ಎಚಿಂಗ್ ಮಾಡುವಾಗ ಅವನ ಎದುರು ಮೂಲ ಕಿರುಚಿತ್ರವೇ ಇತ್ತು, ಪ್ರತಿ ಆಮೇಲಿನದು ಎಂದು ಯಾರಾದರೂ ವಾದಿಸಬಹುದು. ನನಗೆ ಅದು ಒಪ್ಪಿಗೆಯಾಗದು. ಎಚಿಂಗಿನಲ್ಲಿ ಕುಳಿತವರಿಗಿರುವ ನೆಳಲು-ಬೆಳಕಿನ ಭಾರ ಕಿರುಚಿತ್ರದ್ದಲ್ಲ, ವಾಶ್ ಹರಿಸಿದ ಈ ಹಾಳೆಯದು. ಹಾಗಾಗಿ ಈ ಒಂದು ರೇಖಾಚಿತ್ರವನ್ನಾದರೂ 1656ರಲ್ಲಿ, ಎಚಿಂಗಿಗೆ ಮುಂಚೆ ಇಡುವುದೇ ಸರಿ.