ಹೊಟ್ಟೆಯೊಳಗಿನ ಹಳೆಯ ಹೊಲಿಗೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪೆಂದರೆ ಬ್ಯಾರನ್, ಸೌದೆ, ಹರಾಜು, ಸಾಲ. ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲೂ ಬೆಳೆಯುತ್ತಾರೆ. ಬೀಡಿ, ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂದು ನಮ್ಮವರಿಗೆ ಗೊತ್ತು. ಹೊಟ್ಟೆಯೊಳಗಿನ ಮಹಾಪಧಮನಿ ಸದ್ದಿಲ್ಲದೆ ಉಬ್ಬುವ ಅನ್ಯೂರಿಸಂ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದಕ್ಕೂ ಧೂಮಪಾನವೇ ದೊಡ್ಡ ಕುಮ್ಮಕ್ಕು. ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡದ್ದು ಈ ಉಬ್ಬು ಒಡೆದೇ. (ಪೈಪಿನ ಚಟ ಅವರಿಗೂ ಇತ್ತು.)

1951ರಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ದ್ಯುಬೋ ಉಬ್ಬಿದ ಭಾಗ ಕತ್ತರಿಸಿ, ಸತ್ತವರ ರಕ್ತನಾಳ ತಂದು ಜೋಡಿಸಿದರು. ಆಮೇಲೆ ಬಂದದ್ದು ಬಟ್ಟೆಯ ಕೊಳವೆ. ಹ್ಯೂಸ್ಟನ್ನಿನ ಡಿಬೇಕಿ ಡೇಕ್ರಾನ್ ಬಟ್ಟೆಯನ್ನು ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದರಂತೆ. ಕೊಳವೆ ಬಾಳಿತು, ಸೋತದ್ದು ಹೊಲಿಗೆ. ಮೊದಮೊದಲು ಬಳಸಿದ ರೇಷ್ಮೆ ದಾರ ದೇಹದೊಳಗೆ ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತಿತ್ತು. ಜೋಡಣೆ ಬಿಟ್ಟಲ್ಲಿ ರಕ್ತ ಸೋರಿ ಹುಸಿ ಉಬ್ಬು ಏಳುತ್ತಿತ್ತು. ಪಾಲಿಪ್ರೊಪಿಲೀನ್ ದಾರ ಬಂದಮೇಲೆ ಇದು ಕಡಿಮೆಯಾಯಿತು. ಆದರೆ ದಾರ ಗಟ್ಟಿಯಿದ್ದರೂ ಅದು ಹಿಡಿದಿರುವ ನಾಳದ ಗೋಡೆ ಸವೆಯಬಹುದು, ಕೀವಾಗಬಹುದು, ಕೊಳವೆಗೆ ಅಂಟಿದ ಕರುಳು ತೂತಾಗಬಹುದು.

ಆಗ ಅದೇ ಹೊಟ್ಟೆಯನ್ನು ಮತ್ತೆ ತೆರೆಯಬೇಕು. ಕರುಳುಗಳು ಒಂದಕ್ಕೊಂದು ಅಂಟಿರುತ್ತವೆ, ರೋಗಿಗೆ ವಯಸ್ಸಾಗಿರುತ್ತದೆ. ಎರಡನೆಯ ಸಲ ಮೊದಲಿಗಿಂತ ಕಷ್ಟ.

ಖಾರ್ಕಿವ್‌ನ ವೊಲೊದೋಸ್ 1987ರಲ್ಲಿ, ಬ್ಯೂನಸ್ ಐರಿಸ್‌ನ ಪರೋದಿ 1990ರಲ್ಲಿ, ತೊಡೆಸಂದಿಯ ರಕ್ತನಾಳದ ಮೂಲಕವೇ ಮಡಚಿದ ಕೊಳವೆಯನ್ನು ಮಹಾಪಧಮನಿಗೆ ತಲುಪಿಸಿ ಬಿಚ್ಚಿದರು. ಮೈಸೂರಿನ ಜಯದೇವದಲ್ಲಿ ಆಂಜಿಯೋಗ್ರಾಂ ಮಾಡಿಸಿಕೊಂಡವರಿಗೆ ಒಳಗೆ ತಂತಿ ಹೋಗುವ ಈ ಬಗೆ ಗೊತ್ತು. ಮೊದಲ ಆಪರೇಷನ್ನನ್ನೇ ತಪ್ಪಿಸಲೆಂದು ಹುಟ್ಟಿದ ಉಪಾಯ ಇದು. ನನಗನ್ನಿಸುವಂತೆ ಇದರ ಹೆಚ್ಚಿನ ಉಪಕಾರ ಈಗಾಗಲೇ ಹೊಟ್ಟೆ ಕೊಯ್ಸಿಕೊಂಡವರಿಗೆ. ಹಳೆಯ ಬಟ್ಟೆಯ ಕೊಳವೆ ಹೊಸದಕ್ಕೆ ಗಟ್ಟಿ ಆಸರೆ; ಒಳಗಿನಿಂದಲೇ ಸೋರುವ ಜೋಡಣೆ ಮುಚ್ಚುತ್ತದೆ. ಕೀವಾಗಿದ್ದರೆ ಮಾತ್ರ ಈ ಜಾಣತನ ಅರ್ಧ. ರಕ್ತ ನಿಲ್ಲುತ್ತದೆ, ಕೀವು ಉಳಿಯುತ್ತದೆ, ಹಳೆಯ ಬಟ್ಟೆ ಎಂದಾದರೂ ಹೊರಗೆ ಬರಲೇಬೇಕಾಗಬಹುದು. ‘ಚುಚ್ಚಿ ಸರಿಮಾಡಿದರು’ ಅನ್ನುವವರು ಇದನ್ನು ಮರೆಯುತ್ತಾರೆ.

ಇಷ್ಟೆಲ್ಲ ನಡೆಯುವುದು ತೊಂದರೆ ಕಣ್ಣಿಗೆ ಬಿದ್ದರೆ. ಹೊಲಿಗೆ ಬಿಡುವುದು ಎಷ್ಟೋ ಸಲ ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಆಪರೇಷನ್ ಚೀಟಿ ಎಲ್ಲೋ ಕಳೆದಿರುತ್ತದೆ. ಕೋಟೆಯ ಕಾಡಂಚಿನ ಹಳ್ಳಿಯಿಂದ ಮೈಸೂರಿಗೆ ಸ್ಕ್ಯಾನಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಕೊಳವೆಯನ್ನು ತೊಡೆಯ ನಾಳಕ್ಕೆ ಜೋಡಿಸಿದ್ದವರಿಗೆ ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡರೆ ಅದನ್ನು ಹರ್ನಿಯಾ ಅಂದುಕೊಳ್ಳುವುದು ಸುಲಭ. ಬೆರಳಿಟ್ಟು ನೋಡಬೇಕು, ಅದು ನಾಡಿಯಂತೆ ಮಿಡಿಯುತ್ತಿದೆಯೇ ಎಂದು.