ದುಃಖದ ಕಂದಾಯ ಕಟ್ಟುವವರು ಯಾರು?

ನಮ್ಮ ಅವ್ವಂದಿರು ಬೆಳ್ಳಾವಿ ಸಂತೆಯಲ್ಲಿ ಸೊಪ್ಪು, ಹುಣಸೆಹಣ್ಣು ಮಾರಿದ ದುಡ್ಡಲ್ಲಿ ನಾವು ತುಮಕೂರಿನ ಕಾಲೇಜಿಗೆ ಬಸ್ಸು ಹತ್ತಿದೆವು. ನಮ್ಮ ಮನೆಗಳಿಗೆ ಡಿಗ್ರಿ ಅನ್ನೋ ಕಾಗದ ಮೊದಲು ಬಂದದ್ದು ನಮ್ಮ ಕೈಯಲ್ಲೇ. ಅಲ್ಲಿ ಒಂದು ಅಮೆರಿಕನ್ ಕಾದಂಬರಿ ಓದಿಸಿದರು. ಕಡೇ ದಿನ ಮೇಷ್ಟ್ರು, "ಶ್ರೀಮಂತಿಕೆಯಿಂದ ಸುಖ ಸಿಗೋಲ್ಲ, ಇದೇ ಇದರ ನೀತಿ" ಅಂತ ಹೇಳಿ ಪುಸ್ತಕ ಮುಚ್ಚಿದರು. ನಾವೂ ಬರೆದುಕೊಂಡೆವು. ಊರಿಗೆ ಬಂದು ಅದನ್ನೇ ಹೇಳಿದಾಗ ನಮ್ಮಲ್ಲೊಬ್ಬನ ಅವ್ವ ಕೇಳಿದಳು: "ದುಡ್ಡಿಂದ ಸುಖ ಇಲ್ಲ ಅನ್ನಂಗಿದ್ರೆ, ಉಳ್ಳೋರು ಅದ್ಕೆ ಯಾಕ್ರಪ್ಪ ಬೀಗ ಹಾಕ್ಕಂಡವ್ರೆ?"

ಆ ಪ್ರಶ್ನೆ ಹಿಡಿದು ನಾವು ಪುಸ್ತಕವನ್ನು ಮತ್ತೆ ಓದಿದೆವು.

ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಅಚ್ಚಾದದ್ದು 1925ರಲ್ಲಿ. ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕಿನ ಪಕ್ಕದಲ್ಲಿ. ಬಡ ರೈತನ ಮಗ ಜೇಮ್ಸ್ ಗ್ಯಾಟ್ಸ್ ತನ್ನ ಹೆಸರನ್ನು ಜೇ ಗ್ಯಾಟ್ಸ್‌ಬಿ ಎಂದು ಬದಲಿಸಿಕೊಳ್ಳುತ್ತಾನೆ. ಆಗ ಅಲ್ಲಿ ಮದ್ಯ ನಿಷೇಧದ ಕಾಲ. ಕಳ್ಳಹೆಂಡದ ವ್ಯಾಪಾರದಲ್ಲಿ ದುಡ್ಡು ಮಾಡುತ್ತಾನೆ, ಅರಮನೆಯಂಥ ಮನೆ ಹಿಡಿಯುತ್ತಾನೆ, ಮೇಲಿಂದ ಮೇಲೆ ಔತಣ ಹಾಕುತ್ತಾನೆ. ಇಷ್ಟೆಲ್ಲ ಡೇಸಿ ಅನ್ನೋ ಶ್ರೀಮಂತರ ಮಗಳಿಗಾಗಿ. ಅವಳು ಹುಟ್ಟು ಶ್ರೀಮಂತ ಟಾಮ್‌ನ ಹೆಂಡತಿ. ಟಾಮ್ ಊಟಕ್ಕೆ ಕೂತಾಗಲೂ ಬಿಳಿಯರ ಜನಾಂಗಕ್ಕೆ ಬಂದ ಅಪಾಯದ ಬಗ್ಗೆ ಮಾತಾಡುವ ಮನುಷ್ಯ. ಹೊಸ ದುಡ್ಡಿನವರು ಕೊಲ್ಲಿಯ ಈ ದಡದಲ್ಲಿ, ಹಳೇ ದುಡ್ಡಿನವರು ಆ ದಡದಲ್ಲಿ. ಇವೆರಡಕ್ಕೂ ಸೇರದೆ, ನಗರಕ್ಕೆ ಹೋಗುವ ದಾರಿಯಲ್ಲಿ ಬೂದಿ ಸುರಿಯುವ ಬಯಲು. ಅಲ್ಲಿ ಗ್ಯಾರೇಜು ಇಟ್ಟುಕೊಂಡ ವಿಲ್ಸನ್, ಅವನ ಹೆಂಡತಿ ಮರ್ಟಲ್. ಓದುತ್ತಾ ನಮಗೆ ಊರು, ಕೇರಿ, ತಿಪ್ಪೆ ಕಣ್ಣಮುಂದೆ ಬಂದವು.

ಈಗ ಹೆಣ ಎಣಿಸೋಣ. ಡೇಸಿ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಮರ್ಟಲ್ ಸತ್ತಳು. ಟಾಮ್ ಹಚ್ಚಿಕೊಟ್ಟ ಸುಳಿವು ಹಿಡಿದು ವಿಲ್ಸನ್ ಗ್ಯಾಟ್ಸ್‌ಬಿಗೆ ಗುಂಡಿಟ್ಟ, ತಾನೂ ಸತ್ತ. ಮೂರು ಹೆಣ. ಮೂರರಲ್ಲಿ ಒಂದೂ ಹುಟ್ಟು ಶ್ರೀಮಂತರದಲ್ಲ. ಟಾಮ್ ಮತ್ತು ಡೇಸಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಔತಣ ಉಂಡ ನೂರಾರು ಜನರಲ್ಲಿ ಮಣ್ಣಿಗೆ ಬಂದವರು ಬೆರಳೆಣಿಕೆ. ಹಾಗಾದರೆ ನೀತಿ ಯಾವುದು? ಶ್ರೀಮಂತರಿಗೆ ದುಃಖವೇ ಇಲ್ಲ ಅಂತ ನಾವು ಹೇಳೋದಿಲ್ಲ. ಇದೆ. ಆದರೆ ಆ ದುಃಖದ ಕಂದಾಯವನ್ನು ಅವರು ಕಟ್ಟುವುದಿಲ್ಲ, ಕೆಳಗಿನವರ ಕೈಲಿ ಕಟ್ಟಿಸುತ್ತಾರೆ.

ಹೆಸರು ಬದಲಿಸಿದ ಮಾತು ಬಂತು. ಅದೇ ನ್ಯೂಯಾರ್ಕಿನಲ್ಲಿ, ಈ ಕಥೆಯ ಬೇಸಿಗೆಗೆ ಮೊದಲೇ, ನಮ್ಮವರೊಬ್ಬರು ಓದಿದ್ದರು. ಬಾಬಾಸಾಹೇಬ ಅಂಬೇಡ್ಕರ್ 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದಾಗ ತಂಗಲು ಒಂದು ಸೂರು ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ತಂಗುದಾಣದಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಗ್ಯಾಟ್ಸ್‌ಬಿಗೆ ಹುಸಿ ಹೆಸರು ಕೆಲವು ವರ್ಷ ಅರಮನೆ ಕೊಟ್ಟಿತು. ಇಲ್ಲಿ ಅದು ಒಂದು ಕೋಣೆಯನ್ನು ಹನ್ನೆರಡು ದಿನವೂ ಕೊಡಲಿಲ್ಲ. ವರ್ಗದ ಗೋಡೆಗೆ ಏಣಿ ಇಟ್ಟು ನೋಡಬಹುದು. ಜಾತಿಯ ಗೋಡೆಗೆ ಏಣಿ ತಂದವನನ್ನೇ ಮುಟ್ಟುವುದಿಲ್ಲ.

ಕನ್ನಡಕ್ಕೆ ಬರೋಣ. ಗ್ಯಾಟ್ಸ್‌ಬಿ ಬಂದು ಎಂಟು ವರ್ಷಕ್ಕೆ, 1933ರಲ್ಲಿ, ಶಿವರಾಮ ಕಾರಂತರ 'ಚೋಮನ ದುಡಿ' ಬಂತು. ಗ್ಯಾಟ್ಸ್‌ಬಿ ರಾತ್ರಿ ಹೊತ್ತು ಆಚೆ ದಡದ ಹಸಿರು ದೀಪ ನೋಡುತ್ತಾ ನಿಲ್ಲುತ್ತಾನೆ. ಚೋಮನ ಹಸಿರು ದೀಪ ಯಾವುದು? ಒಂದು ತುಂಡು ಗದ್ದೆ. ಎತ್ತಿದೆ, ರಟ್ಟೆಯಲ್ಲಿ ಬಲವಿದೆ, ಆದರೆ ಹೊಲೆಯ ಬೇಸಾಯಗಾರನಾಗುವಂತಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಮೆದುವಾದರೂ ಮನೆಯ ಹಿರಿಯಾಕೆ ಒಪ್ಪಲಿಲ್ಲ. ಇಲ್ಲೂ ಹೆಣ ಎಣಿಸಿ. ಒಬ್ಬ ಮಗ ಜ್ವರಕ್ಕೆ ಹೋದ. ಇನ್ನೊಬ್ಬ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದ ಮೇಲ್ಜಾತಿಯವರು ಮೈಲಿಗೆಗೆ ಹೆದರಿ ಕೈ ಚಾಚಲಿಲ್ಲ. ಮಗಳು ಬೆಳ್ಳಿ ತೋಟದ ಸಾಲಕ್ಕೆ ತನ್ನ ಮೈ ತೆತ್ತಳು. ಚೋಮ ದುಡಿ ಬಡಿಯುತ್ತಲೇ ಸತ್ತ. ಒಡೆಯನ ಮನೆಯಲ್ಲಿ ಒಂದು ಸೂತಕವೂ ಆಗಲಿಲ್ಲ.

ಕಾದಂಬರಿ ಮುಗಿಯಿತು, ಚರಿತ್ರೆ ಮುಗಿಯಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರನಿಗೆ ಭೂಮಿ ಬಂತು, ನಿಜ. ಆದರೆ ಚೋಮ ಗೇಣಿದಾರನಲ್ಲ, ಕೂಲಿ. ಕೂಲಿಯವನ ಹೆಸರು ಯಾವ ಪಹಣಿಯಲ್ಲಿತ್ತು? 1978ರ ಕಾಯಿದೆ ದಲಿತರಿಗೆ ಮಂಜೂರಾದ ಜಮೀನನ್ನು ಉಳ್ಳವರು ಬರೆಸಿಕೊಳ್ಳದಂತೆ ತಡೆಯಿತು. ಅದು ಹೋರಾಟದ ಫಲ. ಆಮೇಲೆ ತಡವಾಯಿತೆಂಬ ಕಾರಣಕ್ಕೆ ಕೋರ್ಟುಗಳಲ್ಲಿ ಅರ್ಜಿಗಳು ಬಿದ್ದವು. ಅದನ್ನು ಸರಿಪಡಿಸಲು 2023ರಲ್ಲಿ ಮತ್ತೊಂದು ತಿದ್ದುಪಡಿ ಬೇಕಾಯಿತು. ಈ ನಡುವೆ 2020ರಲ್ಲಿ, ಬೇಸಾಯಗಾರರಲ್ಲದವರೂ ಮಿತಿಗಿಂತ ಹೆಚ್ಚು ವರಮಾನದವರೂ ಕೃಷಿ ಭೂಮಿ ಕೊಳ್ಳಬಾರದೆಂದಿದ್ದ ತಡೆಯನ್ನು ಸರ್ಕಾರವೇ ಕಿತ್ತುಹಾಕಿತು. ಬೆಂಗಳೂರಿನ ದುಡ್ಡಿಗೆ ತುಮಕೂರು ದೂರವಲ್ಲ. ರಾಗಿ ಹೊಲಕ್ಕೆ ತಂತಿಬೇಲಿ ಬಿದ್ದರೆ ಒಳಗೆ ತೋಟದ ಮನೆ ಏಳುತ್ತದೆ. ನಾಳೆ ಅದರ ಗೇಟಿನಲ್ಲಿ ಕಾವಲಿಗೆ ನಿಲ್ಲುವವನು ಚೋಮನ ಮೊಮ್ಮಗ.

ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರೇ, "ದುಡ್ಡಿದ್ದರೆ ಸುಖವಿಲ್ಲ" ಅನ್ನೋ ಮಾತನ್ನು ಹಸಿದ ಮಕ್ಕಳ ಮುಂದೆ ಆಡಬೇಡಿ. ಅದು ಉಣ್ಣುವವನು ಹಸಿದವನಿಗೆ ಹೇಳುವ ವೇದಾಂತ. ಯಾವ ಕಥೆ ಓದಿಸಿದರೂ ಮಕ್ಕಳ ಕೈಲಿ ಹೆಣ ಎಣಿಸಿ. ಸತ್ತವರು ಯಾವ ಬೀದಿಯವರು, ಉಳಿದವರು ಯಾವ ಬೀದಿಯವರು ಅಂತ ಕೇಳಿ. ಅಲ್ಲಿಂದ ಮುಂದಿನದನ್ನು ಮಕ್ಕಳೇ ಹೇಳ್ತಾರೆ. ನಮಗೆ ಅದನ್ನು ಕಲಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಸಂತೆಯಿಂದ ಖಾಲಿ ಬುಟ್ಟಿ ಹೊತ್ತು ಬಂದ ಒಬ್ಬ ಅವ್ವ.